ಯಂತ್ರ ಹತ್ತದ ಇಳಿಜಾರು

ಊರಿಗೆ ಕುಡಿಯುವ ನೀರು ಕೊಡುವ ಕೆರೆಯ ಏರಿಯ ಮೇಲೆ ಹುಲ್ಲು ಕತ್ತರಿಸುವುದು ಅವನ ಕೆಲಸವಾಗಿತ್ತು. ಮೂವತ್ತೊಂದು ವರ್ಷ ಅದನ್ನೇ ಮಾಡಿದ. ಏರಿ ಮಣ್ಣಿನದು. ಅದರ ಮೈಮೇಲೆ ಹುಲ್ಲು ಎತ್ತರ ಬೆಳೆದರೆ ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಇಲಿ ಬಿಲ ತೋಡಿದೆ ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ವರ್ಷಕ್ಕೆರಡು ಸಲ ಏರಿಯ ಈ ತುದಿಯಿಂದ ಆ ತುದಿಯವರೆಗೆ ಹುಲ್ಲನ್ನು ಬೆರಳುದ್ದಕ್ಕೆ ಇಳಿಸಬೇಕು ಎಂದು ನೀರಿನ ಕಚೇರಿಯ ಕಟ್ಟಳೆ. ಅವನು ಕೆಲಸ ಮುಗಿಸಿದ ಏರಿಯನ್ನು ದೂರದಿಂದ ನೋಡಿದರೆ, ಕ್ಷೌರ ಮಾಡಿಸಿಕೊಂಡು ಆಗಷ್ಟೇ ಕುರ್ಚಿಯಿಂದೆದ್ದ ಮದುಮಗನ ಕೆನ್ನೆಯ ಹಾಗೆ ಕಾಣುತ್ತಿತ್ತು. ಅದಕ್ಕೇ ಕಚೇರಿಯವರು ಅವನಿಗೆ ಮಟ್ಟಸಣ್ಣ ಎಂದು ಹೆಸರಿಟ್ಟಿದ್ದರು. ಬರಬರುತ್ತಾ ಹೆಂಡತಿಯೂ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕರೆಯತೊಡಗಿದಳು.

ನಿವೃತ್ತಿಗೆ ಒಂದು ವರ್ಷ ಇದೆ ಎನ್ನುವಾಗ ಚಿಟ್ಟೆ ಮೇಡಂ ಬಂದರು. ಮೇಡಂ ಎಂದರೆ ಹುಳಹುಪ್ಪಟೆ ಓದಿಕೊಂಡ ಹೆಂಗಸು, ವಯಸ್ಸು ಮೂವತ್ತೈದರ ಆಸುಪಾಸು. ತಲೆಗೆ ಬಟ್ಟೆಯ ಟೋಪಿ, ಕುತ್ತಿಗೆಗೆ ನೇತುಹಾಕಿದ ಪೆನ್ಸಿಲು. ಏರಿ ತಿರುಗುವ ಕಡೆ, ಎಲ್ಲಕ್ಕಿಂತ ಕಡಿದಾದ ಮೂಲೆಯ ಇಳಿಜಾರಿನಲ್ಲಿ ಅವರಿಗೊಂದು ನೀಲಿ ಚಿಟ್ಟೆ ಸಿಕ್ಕಿತು. ಸಿಕ್ಕ ದಿನ ಅವರು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತರಂತೆ. ಆ ಜಾತಿ ಮುಗಿದೇಹೋಯಿತು ಎಂದು ಎಲ್ಲರೂ ಕೈ ತೊಳೆದುಕೊಂಡು ಹದಿನೈದು ವರ್ಷವಾಗಿತ್ತಂತೆ. ಒಂದು ಕಾಲಕ್ಕೆ ಕೆರೆಯ ಸುತ್ತ ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು. ಈಗ ಮೂರು ಕಡೆ ಬಡಾವಣೆ, ಒಂದು ಕಡೆ ಹೆದ್ದಾರಿ. ಆ ಚಿಟ್ಟೆಗೆ ಉಳಿದಿದ್ದು ಏರಿಯ ಒಂದು ಮೂಲೆ ಮಾತ್ರ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಮೇಲಿನಿಂದ ಪತ್ರ ಬಂತು, ಮೂಲೆಯ ಇಳಿಜಾರಿಗೆ ತಂತಿ ಬೇಲಿ ಬಂತು, 'ಇಲ್ಲಿ ಹುಲ್ಲು ಕತ್ತರಿಸುವುದನ್ನು ನಿಷೇಧಿಸಲಾಗಿದೆ' ಎಂಬ ಬೋರ್ಡೂ ಬಂತು. ಬೇಲಿ ಹಾಕಿದ ದಿನ ನಡೆದ ಸಣ್ಣ ಸಭೆಯಲ್ಲಿ ಯಾವನೋ ಅಧಿಕಾರಿ ಮೈಕು ಹಿಡಿದು, "ಈ ಮುಗ್ಧ ಜೀವಿಗಳ ಮೊದಲ ಶತ್ರು ಹುಲ್ಲು ಕತ್ತರಿಸುವ ಯಂತ್ರ" ಎಂದ. ಜನರೆಲ್ಲ ತಿರುಗಿ ಮಟ್ಟಸಣ್ಣನ ಮುಖ ನೋಡಿದರು. ಅವನು ಹಿಂದಿನ ಸಾಲಿನಲ್ಲಿ, ಅದೇ ಯಂತ್ರಕ್ಕೆ ಎಣ್ಣೆ ಹಾಕಿದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ನಿವೃತ್ತಿಯ ದಿನ ಕಚೇರಿಯವರು ಹಾರ ಹಾಕಿದರು, ಅವನ ಫೋಟೋಗೆ ಕಟ್ಟು ಹಾಕಿಸಿ, ಕೆಳಗೆ 'ಕರ್ತವ್ಯನಿಷ್ಠೆಗೆ ಮಾದರಿ' ಎಂದು ಬರೆಸಿ, ಇಂಜಿನಿಯರ ಕುರ್ಚಿಯ ಹಿಂದಿನ ಗೋಡೆಗೆ ತಗುಲಿಸಿದರು. ಅದರಿಂದಲೂ ಮುಳ್ಳು ಹೊರಬರಲಿಲ್ಲ.

ಬೇಲಿ ಹಾಕಿ ಮೂರನೆಯ ವರ್ಷ, ಹೂ ಬಿಡುವ ತಿಂಗಳು. ಒಂದು ಸಂಜೆ ಭಾವಮೈದ ಚಹಾಕ್ಕೆ ಬಂದ. ಅವನು ಕೆರೆಯ ತೂಬು ಕಾಯುವವನು, ಅಕ್ಕನ ಮನೆಗೆ ಬಂದರೆ ಕೆರೆಯ ನೀರಿಗಿಂತ ಮೊದಲು ಸುದ್ದಿ ಬಿಡುವವನು.

"ಭಾವ, ನಿಮ್ಮ ಚಿಟ್ಟೆ ಕಥೆ ಮುಗೀತು ಅಂತ ಕಾಣತ್ತೆ" ಎಂದ. "ಮೇಡಂ ಮೊದಲು ಎಣಿಸಿದಾಗ ನೂರ ನಲವತ್ತು. ಆಮೇಲೆ ನೂರ ಹತ್ತು, ಆಮೇಲೆ ಅರವತ್ತು. ಈ ಸಲ ಎಷ್ಟು ಹೇಳಿ?"

"ನನ್ನ ಚಿಟ್ಟೆ ಯಾಕೋ ಅದು? ನಾನೇನು ಸಾಕಿದ್ನಾ?"

"ಒಂಬತ್ತು. ಬರೀ ಒಂಬತ್ತು. ಆ ಯಮ್ಮ ಮುಖ ಬಾಡಿಸಿಕೊಂಡು ಓಡಾಡ್ತಾ ಇದೆ, ನೋಡೋಕಾಗಲ್ಲ."

ಸುಳ್ಳು ಯಾಕೆ ಹೇಳಬೇಕು, ಮಟ್ಟಸಣ್ಣನಿಗೆ ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು. 'ಯಂತ್ರ ಶತ್ರು ಅಂದ್ರಲ್ಲ, ಈಗ ಯಂತ್ರ ಇಲ್ಲವಲ್ಲ, ಈಗ ಯಾರು ಶತ್ರು?' ಎಂದುಕೊಂಡ. ಆದರೆ ಅದೇನೋ ಚಹಾ ರುಚಿಸಲಿಲ್ಲ. ಲೋಟ ಕೆಳಗಿಟ್ಟು ಹೊರಗೆ ಹೋಗಿ, ಸುಮ್ಮನೆ ಬಾಗಿಲ ಚಿಲಕ ಸರಿಯಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದ.

ಮರುದಿನ ಬೆಳಗ್ಗೆ ಕಾಲು ತಾನಾಗಿ ಕೆರೆಯ ದಾರಿ ಹಿಡಿಯಿತು. ನಿವೃತ್ತನಾದ ಮೇಲೆ ಅತ್ತ ತಲೆ ಹಾಕಿರಲಿಲ್ಲ. ಬೇಲಿಯ ಹೊರಗೆ ನಿಂತು ನೋಡಿದರೆ ಅವನಿಗೆ ತನ್ನ ಇಳಿಜಾರೇ ಗುರುತು ಸಿಗಲಿಲ್ಲ. ಹುಲ್ಲು ಸೊಂಟದೆತ್ತರಕ್ಕೆ ಬೆಳೆದು, ತನ್ನ ಭಾರಕ್ಕೆ ತಾನೇ ಬಾಗಿ, ನೆಲದ ಮೇಲೆ ಹಾಸಿಗೆಯಂತೆ ಮಲಗಿತ್ತು. ಮೊದಲೆಲ್ಲ ನೆಲಕ್ಕೆ ಅಂಟಿಕೊಂಡು ಹರಡುತ್ತಿದ್ದ ನೇರಳೆ ಹೂವಿನ ಸಣ್ಣ ಬಳ್ಳಿ ಎಲ್ಲೋ ಒಂದೊಂದು ಕಡೆ, ಉಸಿರು ಕಟ್ಟಿದವರು ಕಿಟಕಿಗೆ ಬಂದ ಹಾಗೆ ಇಣುಕುತ್ತಿತ್ತು.

ಮೇಡಂ ಹುಲ್ಲಿನೊಳಗೆ ಮಂಡಿಯೂರಿ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಿದ್ದರು. ಅವನನ್ನು ಕಂಡು ಗಡಬಡಿಸಿ ಎದ್ದರು.

"ಯಜಮಾನ್ರೇ, ನಿಮ್ಮನ್ನೇ ಹುಡುಕ್ಕೊಂಡು ಬರಬೇಕು ಅಂತಿದ್ದೆ. ಬನ್ನಿ, ಒಳಗೆ ಬನ್ನಿ."

"ಬೋರ್ಡು ಹಾಕಿದೀರಲ್ಲ."

ಮೇಡಂ ಬೋರ್ಡಿನ ಕಡೆ ನೋಡಿ ತಲೆ ತಗ್ಗಿಸಿದರು. ತಾವೇ ತಂತಿ ಎತ್ತಿಹಿಡಿದು ಅವನನ್ನು ಒಳಗೆ ಕರೆದುಕೊಂಡರು. ನೆಲಕ್ಕೆ ಅಂಗೈ ಇಡಿ ಎಂದರು. ಅವನು ಇಟ್ಟ. ಮಣ್ಣು ತಣ್ಣಗೆ, ಒದ್ದೆಯಾಗಿತ್ತು.

"ಈ ಚಿಟ್ಟೆಯ ಮರಿಹುಳವನ್ನ ಇರುವೆಗಳು ಸಾಕ್ತವೆ" ಎಂದು ಮೇಡಂ ಹೇಳಿದರು. "ಹುಳ ಒಂದು ಸಿಹಿ ಹನಿ ಬಿಡುತ್ತೆ. ಅದರ ಆಸೆಗೆ ಇರುವೆಗಳು ಅದನ್ನ ಗೂಡಿಗೆ ಹೊತ್ಕೊಂಡು ಹೋಗಿ ಕಾಯ್ತವೆ. ಆ ಇರುವೆಗೆ ಬಿಸಿಲು ಬೀಳೋ ಬೆಚ್ಚಗಿನ ನೆಲ ಬೇಕು. ಹುಲ್ಲು ಬೆಳೀತು, ನೆರಳಾಯ್ತು, ಇರುವೆ ಊರು ಬಿಟ್ಟು ಹೋದ್ವು. ಬೇಲಿ ಹಾಕಿಸಿ ನಾನೇ ಓಡಿಸಿದ ಹಾಗಾಯ್ತು."

ಆ ಇರುವೆಗಳನ್ನು ಮಟ್ಟಸಣ್ಣ ಚೆನ್ನಾಗಿ ಬಲ್ಲ. ಮಂಡಿಗೆ ಕಚ್ಚಿ ಕಚ್ಚಿ ಗಾದರಿ ಎಬ್ಬಿಸುತ್ತಿದ್ದ ಕೆಂಚು ಇರುವೆಗಳು. 

"ಒಂದು ವಿಷಯ ಮಾತ್ರ ತಾಳೆ ಆಗ್ತಿಲ್ಲ" ಎಂದು ಮೇಡಂ ಚೀಲದಿಂದ ಕಾಗದ ತೆಗೆದರು. ಕಚೇರಿಯ ರಿಜಿಸ್ಟರಿನ ನಕಲು. "ಇದರ ಪ್ರಕಾರ ನೀವು ಪ್ರತಿ ವರ್ಷ ಇದೇ ತಿಂಗಳಲ್ಲಿ, ಹೂವಿರುವಾಗಲೇ, ಈ ಇಳಿಜಾರನ್ನೂ ಸೇರಿಸಿ ಏರಿ ಪೂರ್ತಿ ಯಂತ್ರದಲ್ಲಿ ಕತ್ತರಿಸ್ತಿದ್ರಿ. ಚಿಟ್ಟೆ ಮೊಟ್ಟೆ ಇಡೋದೇ ಈ ನೇರಳೆ ಹೂವಿನ ಮೇಲೆ. ಹೂ ಕತ್ತರಿಸಿದ್ರೆ ಒಂದೂ ಉಳೀಬಾರದು. ಆದ್ರೆ ಉಳಿದಿದ್ವು. ಹೇಗೆ? ನೀವು ನಿಜವಾಗ್ಲೂ ಹೂವಿರುವಾಗಲೇ ಕತ್ತರಿಸ್ತಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಟ್ಟಸಣ್ಣನ ಕೈ ತಾನಾಗಿ ಮಂಡಿಯ ಮೇಲೆ ಹೋಯಿತು.

"ರಿಜಿಸ್ಟರಲ್ಲಿ ಬರೆದಿರೋ ಹಾಗೇ" ಎಂದುಬಿಟ್ಟ.

ನಿಜ ಬೇರೆಯಿತ್ತು. ಬೇಲಿ ಬರುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು ಒಂದು ಮಧ್ಯಾಹ್ನ ಆ ಮೂಲೆಯಲ್ಲಿ ಯಂತ್ರ ಜಾರಿ ಅವನ ಮೇಲೇ ಬರುವುದರಲ್ಲಿತ್ತು. ಅವನು ಪಕ್ಕಕ್ಕೆ ಉರುಳಿದ, ಯಂತ್ರ ಹೋಗಿ ಕೆಳಗಿನ ಕಾಲುವೆಗೆ ಬಿತ್ತು. ಭಾವಮೈದನೂ ಅವನೂ ಹಗ್ಗ ಕಟ್ಟಿ ಎಳೆದು, ತೊಳೆದು, ಯಾರಿಗೂ ಹೇಳದೆ ಶೆಡ್ಡಿಗೆ ಸೇರಿಸಿದರು. ಅಂದಿನಿಂದ ಆ ಇಳಿಜಾರಿಗೆ ಯಂತ್ರ ಹತ್ತಿಸಲು ಅವನಿಗೆ ಎದೆ ಬರಲಿಲ್ಲ. ಹಾಗೆಂದು ಹೇಳಿಕೊಂಡರೆ ಮಟ್ಟಸಣ್ಣ ಎಂಬ ಹೆಸರೇನಾಗಬೇಕು? ಕುಡುಗೋಲು ಹಿಡಿದು ಮಂಡಿಯೂರಿ ಕೊಯ್ಯತೊಡಗಿದ. ಒಂದೇ ಏಟಿಗೆ ಮುಗಿಯುವಂಥದ್ದಲ್ಲ. ವಾರಕ್ಕೊಂದು ತುಂಡು, ಒಂದು ಕೋಣೆಯ ಅಗಲದಷ್ಟು. ಹೂವಿರುವಾಗ ಹಸಿ ಬಳ್ಳಿ ಕುಡುಗೋಲಿಗೆ ಸುತ್ತಿಕೊಂಡು ಪ್ರಾಣ ತಿನ್ನುತ್ತಿತ್ತು, ಆದ್ದರಿಂದ ಬಳ್ಳಿ ಇರುವ ಕಡೆ ಮುಟ್ಟುತ್ತಲೇ ಇರಲಿಲ್ಲ. ಕಾಯಿ ಒಣಗಿ ಗಿಲಕಿಯಂತೆ ಸದ್ದು ಮಾಡಿದ ಮೇಲೆ ಅಲ್ಲಿಗೆ ಕೈ ಹಾಕುತ್ತಿದ್ದ. ಇತ್ತ ರಿಜಿಸ್ಟರಿನಲ್ಲಿ ಮಾತ್ರ ಗಡುವಿನ ದಿನಕ್ಕೆ ಸರಿಯಾಗಿ 'ಏರಿ ಪೂರ್ತಿ, ಯಂತ್ರದಿಂದ' ಎಂದು ಬರೆದು ಸಹಿ ಹಾಕುತ್ತಿದ್ದ. ಹತ್ತೊಂಬತ್ತು ವರ್ಷ, ಮೂವತ್ತೆಂಟು ಸಹಿ.

ಎರಡು ದಿನ ಬಿಟ್ಟು ಭಾವಮೈದ ಮತ್ತೆ ಬಂದ. ಈ ಸಲ ಕೂರಲೂ ಇಲ್ಲ.

"ಭಾವ, ಹುಲ್ಲು ಬೆಳೆದಿದ್ದೇ ತೊಂದರೆ ಅಂತ ಮೇಡಂ ಹೇಳಿದ್ದಕ್ಕೆ ಬೇಲಿ ಕೀಳ್ತಾರಂತೆ. ಸೋಮವಾರ ಗುತ್ತಿಗೆದಾರನ ದೊಡ್ಡ ಯಂತ್ರ ಬರುತ್ತಂತೆ, ಉದ್ದ ತೋಳಿನದು, ದಾರಿ ಮೇಲೆ ನಿಂತೇ ಇಳಿಜಾರು ಬೋಳಿಸುತ್ತೆ. ಮೇಡಂ ಅರ್ಧ ಮಾತ್ರ ಕತ್ತರಿಸಿ, ಹೂವಿರೋದು ಬಿಡಿ ಅಂತ ಗೋಗರೆದ್ರು. ಇಂಜಿನಿಯರ್ ಸಾಹೇಬ್ರು ರಿಜಿಸ್ಟರ್ ತೋರಿಸಿದ್ರು. ನಮ್ಮ ಮಟ್ಟಸಣ್ಣ ಮೂವತ್ತು ವರ್ಷ ಹೂವಿದ್ದಾಗಲೇ ಪೂರ್ತಿ ಬೋಳಿಸಿದಾನೆ, ಆಗ ಇಲ್ಲದ ತೊಂದರೆ ಈಗ ಯಾಕೆ ಅಂದ್ರು." ಸ್ವಲ್ಪ ತಡೆದು, ದನಿ ತಗ್ಗಿಸಿ, "ನೀವು ಹಾಗೆ ಮಾಡ್ತಾ ಇರಲಿಲ್ಲ ಅಂತ ನನಗೆ ಗೊತ್ತು. ಆದ್ರೆ ನಾನು ಬಾಯಿ ಬಿಡಲ್ಲ ಭಾವ, ಹಗ್ಗ ಎಳೆದೋನು ನಾನೂ ಅಲ್ವಾ" ಎಂದ.

ಅವನು ಹೋದ ಮೇಲೆ ಮಟ್ಟಸಣ್ಣ ಗೋಡೆಗೆ ಒರಗಿ ಕೂತ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಯಾರದೋ ಕೋಟಿಗೆ ಅಸ್ತರಿ ಕೂರಿಸುತ್ತಿದ್ದಳು. ಬೀದಿಯ ಅರ್ಧ ಜನರ ಬಟ್ಟೆ ಅವಳ ಕೈಯಲ್ಲೇ ಹೊಲಿಗೆ ಕಂಡಿದ್ದು. ತುಳಿಯುವುದನ್ನು ನಿಲ್ಲಿಸದೆಯೇ ಕೇಳಿದಳು:

"ಯಾಕೆ, ಬಾಯಿಗೆ ಬೀಗ ಬಿದ್ದಿದ್ಯಾ?"

"ಏನಿಲ್ಲ."

"ಏನಿಲ್ದೇನೇ ಎರಡು ದಿನದಿಂದ ಊಟದ ತಟ್ಟೆ ಮುಂದೆ ಕೂತು ಗೋಡೆ ಎಣಿಸ್ತಿದೀರಾ?"

ಅವನು ಹೇಳಿದ. ಮೊದಲಿನಿಂದ ಕೊನೆಯವರೆಗೆ. ಅವಳಿಗೆ ಇದೆಲ್ಲ ಹೊಸದು, ಕೇಳಿ ಬೆಚ್ಚಿಬೀಳುತ್ತಾಳೆ ಎಂದು ಅವನ ಎಣಿಕೆ. ಅವಳು ದಾರ ಕಚ್ಚಿ ಕತ್ತರಿಸಿ, ಕೋಟು ಕೊಡವಿ ನೋಡಿದಳು.

"ಹತ್ತೊಂಬತ್ತು ವರ್ಷ ನಿಮ್ಮ ಪ್ಯಾಂಟಿನ ಮಂಡಿಗೆ ತೇಪೆ ಹಾಕಿದೋಳು ನಾನು. ಯಂತ್ರದ ಹಿಂದೆ ನಡೆಯೋರ ಪ್ಯಾಂಟು ಮಂಡೀಲಿ ಸವೆಯುತ್ತಾ? ನೀವಾಗಿ ಹೇಳ್ತೀರೇನೋ ಅಂತ ಕಾದೆ. ಆಮೇಲೆ ಕಾಯೋದೂ ಮರೆತುಹೋಯ್ತು."

"ಈಗ ಹೇಳಿದ್ರೆ ಮಾನ ಹೋಗುತ್ತಲ್ಲೇ. ಮಾದರಿ ಅಂತ ಫೋಟೋ ಹಾಕಿದಾರೆ."

"ಹೋಗುತ್ತೆ" ಎಂದಳು ಅವಳು. "ಹೋಗಲ್ಲ ಅಂತ ನಾನ್ಯಾಕೆ ಸುಳ್ಳು ಹೇಳ್ಲಿ? ಆದ್ರೆ ಗೋಡೆ ಮೇಲಿರೋನು ಹೋದ್ರೂ ನನ್ನ ಮನೇಲಿ ಕೂತಿರೋನು ಇರ್ತಾನಲ್ಲ. ಇವನು ಊಟ ಮಾಡೋ ಹಾಗಾದ್ರೆ ಸಾಕು."

ಸೋಮವಾರ ಬೆಳಗ್ಗೆ ಅವನು ತಲುಪುವಷ್ಟರಲ್ಲಿ ಬೇಲಿಯ ಕಂಬಗಳನ್ನು ಕಿತ್ತು ರಾಶಿ ಹಾಕಿದ್ದರು. ಏರಿಯ ಮೇಲಿನ ದಾರಿಯಲ್ಲಿ ಹಳದಿ ಬಣ್ಣದ ಯಂತ್ರ, ಅದರ ತೋಳು ಇಳಿಜಾರಿನ ಮೇಲೆ ಚಾಚಿಕೊಂಡು ಗುರುಗುಟ್ಟುತ್ತಿತ್ತು. ಇಂಜಿನಿಯರು ಕಡತ ಹಿಡಿದು ನಿಂತಿದ್ದರು. ಮೇಡಂ ಸ್ವಲ್ಪ ದೂರದಲ್ಲಿ, ನೋಡಲೂ ಆಗದೆ ಹೋಗಲೂ ಆಗದೆ, ಟೋಪಿಯನ್ನು ಕೈಯಲ್ಲಿ ಹಿಚುಕುತ್ತಿದ್ದರು.

ಮಟ್ಟಸಣ್ಣ ನೇರವಾಗಿ ಇಳಿಜಾರಿಗೆ ಇಳಿದು ತೋಳಿನ ಕೆಳಗೇ ನಿಂತ. ಚಾಲಕ ಗಾಬರಿಯಿಂದ ಯಂತ್ರ ನಿಲ್ಲಿಸಿದ.

"ಏನ್ರೀ ಇದು, ಪ್ರಾಣದ ಮೇಲೆ ಆಸೆ ಇಲ್ವಾ?" ಎಂದು ಇಂಜಿನಿಯರು ಕೂಗಿದರು.

"ಸಾರ್, ಆ ರಿಜಿಸ್ಟರ್ ಸುಳ್ಳು."

"ಯಾವ ರಿಜಿಸ್ಟರು?"

"ನಾನು ಬರೆದಿದ್ದು. ಈ ಮೂಲೆಗೆ ಹತ್ತೊಂಬತ್ತು ವರ್ಷ ಯಂತ್ರ ತಂದೇ ಇಲ್ಲ ಸಾರ್. ಕುಡುಗೋಲಲ್ಲಿ ಕೊಯ್ತಿದ್ದೆ, ತುಂಡು ತುಂಡಾಗಿ. ಹೂವಿದ್ದ ಕಡೆ ಮುಟ್ತಾನೇ ಇರಲಿಲ್ಲ. ಬೀಜ ಉದುರಿದ ಮೇಲೆ ಕೊಯ್ತಿದ್ದೆ. ಯಂತ್ರ ಜಾರುತ್ತೆ ಅಂತ ಹೆದರಿಕೆ ನನಗೆ. ಅಷ್ಟೇ."

ಇಂಜಿನಿಯರು ಕೆಟ್ಟ ಮನುಷ್ಯರಲ್ಲ, ಆದರೆ ಕೆರೆ ಅವರ ಹೊಣೆ. ಅವರ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು.

"ಈ ಏರಿ ಕೆಳಗೆ ಎಷ್ಟು ಮನೆ ಇದೆ ಗೊತ್ತೇನ್ರೀ? ಹುಲ್ಲು ಕತ್ತರಿಸಿದೆ ಅಂತ ನೀವು ಬರೆದ್ರೆ, ಏರಿ ಕಣ್ಣಿಗೆ ಕಾಣ್ತಾ ಇದೆ ಅಂತ ನಾವು ನಂಬ್ತೀವಿ. ಎಲ್ಲೋ ಒಂದು ಕಡೆ ಸೋರ್ತಾ ಇದ್ದಿದ್ರೆ?"

"ಸೋರಿರಲಿಲ್ಲ ಸಾರ್. ಗೇಣುಗೇಣು ಮಂಡಿ ಊರಿ ನೋಡಿದೀನಿ. ಎರಡು ಸಲ ಇಲಿ ಬಿಲ ಸಿಕ್ಕಿತ್ತು, ಜೇಡಿಮಣ್ಣು ತುಂಬಿ ಬಡಿದು ಮುಚ್ಚಿದೀನಿ."

"ಅದನ್ನೂ ಬರೆದಿಲ್ಲ!"

"ಬರೆದಿಲ್ಲ ಸಾರ್. ಬರೆದಿದ್ರೆ ಮಂಡಿ ಊರಿದ್ದು ಗೊತ್ತಾಗ್ತಿತ್ತು."

ಚಾಲಕ ಕಿಸಕ್ಕನೆ ನಕ್ಕು, ಇಂಜಿನಿಯರ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಇಂಜಿನಿಯರು ಕಡತ ಮಡಚಿ ಯಂತ್ರವನ್ನು ಹಿಂದಕ್ಕೆ ಕಳಿಸಿದರು. ಹೋಗುವಾಗ ಮಟ್ಟಸಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ದಿನದ ಮೇಲೆ ಭಾವಮೈದ ಬಂದು, ಹೇಳಲೋ ಬೇಡವೋ ಎಂದು ತಡವರಿಸಿ, ಗೋಡೆಯ ಮೇಲಿನ ಫೋಟೋ ಇಳಿಸಿದರು ಎಂದ. ಅದು ಇದ್ದ ಜಾಗದಲ್ಲಿ ಸುಣ್ಣ ಹೊಸದರ ಹಾಗೆ ಬೆಳ್ಳಗಿದೆಯಂತೆ. ಮಟ್ಟಸಣ್ಣನಿಗೆ ನೋವಾಯಿತು. ಎಷ್ಟೇ ತಯಾರಾಗಿದ್ದರೂ ಹಲ್ಲು ಕೀಳುವಾಗ ನೋಯುವುದು ನೋಯುತ್ತದೆ. ಆದರೆ ಆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡ.

ಆ ಸೋಮವಾರ ಯಂತ್ರ ಹೋದ ಮೇಲೆ ಇಳಿಜಾರಿನಲ್ಲಿ ಉಳಿದವರು ಅವನೂ ಮೇಡಂ ಇಬ್ಬರೇ. ಮೇಡಂ ಕಣ್ಣಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

"ಮೊನ್ನೆ ನಾನು ಬಾಯಿಬಿಟ್ಟು ಕೇಳಿದೆ. ನೀವು ಸುಳ್ಳು ಹೇಳಿದ್ರಿ. ಇವತ್ತು ಬರದೇ ಇದ್ದಿದ್ರೆ ಏನಾಗ್ತಿತ್ತು?"

"ಹೆದರ್ಕೊಂಡೆ ತಾಯಿ."

ಮೇಡಂ ಹಿಚುಕಿದ್ದ ಟೋಪಿ ಕೊಡವಿ ಹಾಕಿಕೊಂಡು ಹೇಳಿದರು: "ಮೂರು ವರ್ಷದ ಹಿಂದೆ ನಾನೂ ಒಂದು ಮಾತು ಕೇಳಬೇಕಿತ್ತು. ಇಷ್ಟು ಚಿಟ್ಟೆ ಇಲ್ಲಿ ಹೇಗೆ ಉಳ್ಕೊಂಡ್ವು ಅಂತ ನಿಮ್ಮನ್ನ ಕೇಳಿದ್ರೆ ಮುಗೀತಿತ್ತು. ಕೇಳದೇನೇ ಬೇಲಿ ಹಾಕಿಸಿದೆ."

"ಕೇಳಿದ್ರೂ ಸುಳ್ಳೇ ಹೇಳ್ತಿದ್ದೆ ಬಿಡಿ" ಎಂದ ಮಟ್ಟಸಣ್ಣ. ಮೇಡಂಗೆ ನಗು ಬಂತು. ಬೇಡ ಬೇಡ ಎಂದರೂ ಬಂತು.

ಹದಿನೈದು ದಿನಕ್ಕೆ ಇಂಜಿನಿಯರಿಂದ ಒಪ್ಪಿಗೆ ಪತ್ರ ಬಂತು. ಮೂಲೆಯ ಇಳಿಜಾರನ್ನು ಕೈಯಿಂದ, ತುಂಡು ತುಂಡಾಗಿ ಕೊಯ್ಯಬಹುದು. ಪ್ರತಿ ತುಂಡಿನ ಸ್ಥಿತಿಯನ್ನು ವಾರವಾರ ಬರೆದು ಕಳಿಸಬೇಕು. ಬರೆಯುವವರು ಮೇಡಂ ಆಗಿರಬೇಕು, ಬೇರೆ ಯಾರೂ ಅಲ್ಲ. ಆ ಕೊನೆಯ ಸಾಲನ್ನು ಓದಿ ಮಟ್ಟಸಣ್ಣ ಪತ್ರ ಮಡಚಿ, "ಅವರು ಹೇಳೋದೂ ಸರಿಯೇ" ಎಂದ.

ಕೊಯ್ಯುವುದು ಯಾರು? ಗುತ್ತಿಗೆದಾರನ ಕೆಲಸಗಾರರು ಯಂತ್ರ ಕೊಟ್ಟರೆ ಬರುತ್ತೇವೆ, ಮಂಡಿಯೂರಲು ಬರುವುದಿಲ್ಲ ಎಂದರು. ಕಡೆಗೆ ಮಟ್ಟಸಣ್ಣನೇ ಕುಡುಗೋಲು ಮಸೆದ. ಜೊತೆಗೆ ಮೇಡಂ ಕಲಿಯಲು ನಿಂತರು. ಮೊದಲ ದಿನವೇ ಬೆರಳು ಕೊಯ್ದುಕೊಂಡರು. "ಹುಲ್ಲನ್ನ ಹಿಡೀಬೇಡಿ, ಹುಲ್ಲು ನಿಮ್ಮನ್ನ ಹಿಡ್ಕೊಳೋ ಹಾಗೆ ಕೈ ಇಡಿ" ಎಂದು ಅವನು ಹೇಳಿದರೆ, ಮೇಡಂ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಎಷ್ಟು ಎತ್ತರಕ್ಕೆ ಕೊಯ್ಯಬೇಕು ಎಂದು ಅವರು ಅಳತೆಪಟ್ಟಿ ಹಿಡಿದರೆ, ಅವನು ಹೆಬ್ಬೆರಳು ನೆಲಕ್ಕೆ ಒತ್ತಿ ಮೇಲಿನ ಗೆಣ್ಣು ತೋರಿಸುತ್ತಿದ್ದ. ಯಾವ ತುಂಡು ಮೊದಲು ಎಂದು ಕೇಳಿದರೆ, ಅಂಗೈ ನೆಲಕ್ಕಿಟ್ಟು ಕಣ್ಣು ಮುಚ್ಚುತ್ತಿದ್ದ. ಹತ್ತೊಂಬತ್ತು ವರ್ಷ ನಾಚಿಕೆಯಿಂದ ಮುಚ್ಚಿಟ್ಟ ಕೆಲಸವನ್ನು ಇನ್ನೊಬ್ಬರಿಗೆ ಹೀಗೆ ಬಿಡಿಸಿ ಹೇಳುವಾಗ, ಅದೂ ಒಂದು ವಿದ್ಯೆಯೇ ಆಗಿತ್ತೇನೋ ಎಂದು ಅವನಿಗೇ ಮೊದಲ ಸಲ ಅನಿಸಿತು.

ಆ ವರ್ಷ ಇರುವೆಗಳು ಬರಲಿಲ್ಲ. ಮಳೆ ಮುಗಿಯಿತು, ಚಳಿ ಮುಗಿಯಿತು, ಕೊಯ್ದ ತುಂಡುಗಳು ಬಿಸಿಲು ಕುಡಿದವು. ಒಂದು ಬೆಳಗ್ಗೆ ಮಟ್ಟಸಣ್ಣ ಇದ್ದಕ್ಕಿದ್ದಂತೆ "ಅಯ್ಯೋ!" ಎಂದು ಮಂಡಿ ಹಿಡಿದುಕೊಂಡು ಎದ್ದ. ಮೇಡಂ ಗಾಬರಿಯಿಂದ ಓಡಿ ಬಂದರು. ಅವನು ಮಂಡಿಯಿಂದ ಒಂದು ಕೆಂಚು ಇರುವೆಯನ್ನು ಬಿಡಿಸಿ, ಅಂಗೈ ಮೇಲಿಟ್ಟು, ನಂಟರನ್ನು ಪರಿಚಯಿಸುವವನ ಹಾಗೆ ಅವರ ಮುಂದೆ ಚಾಚಿದ.

ಹೂ ಬಿಡುವ ತಿಂಗಳಲ್ಲಿ ಎಣಿಸಿದಾಗ ಚಿಟ್ಟೆ ಹದಿನೇಳು. ಅದರ ಮುಂದಿನ ವರ್ಷ ಇಪ್ಪತ್ತಾರು. ನೂರ ನಲವತ್ತಕ್ಕೆ ಇನ್ನೂ ಬಹಳ ದೂರ. ಹೋಗಿ ಮುಟ್ಟುತ್ತದೆ ಎಂದು ಮೇಡಂ ಯಾರಿಗೂ ಮಾತು ಕೊಡುವುದಿಲ್ಲ. ಒಂದು ಕೆಟ್ಟ ಮಳೆಗಾಲ ಬಂದರೆ ಇದ್ದದ್ದೂ ಹೋಗಬಹುದು ಎನ್ನುತ್ತಾರೆ. ಆದರೂ ಬೇರೆ ಎರಡು ಕೆರೆಗಳ ಏರಿ ನೋಡಿ ಬರೋಣ ಬನ್ನಿ ಎಂದು ಮಟ್ಟಸಣ್ಣನನ್ನು ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಅವನು ಮೊದಲು ನೆಲಕ್ಕೆ ಕೈಯಿಟ್ಟು, ಆಮೇಲೆ ಅಲ್ಲಿ ಹುಲ್ಲು ಕೊಯ್ಯುವವರು ಯಾರು ಎಂದು ಕೇಳಿ, ಅವರ ಜೊತೆ ಒಂದು ಗಂಟೆ ಕೂತು ಮಾತಾಡಿ ಬಂದ. ಏನು ಮಾತಾಡಿದಿರಿ ಎಂದರೆ, "ಸುಖದುಃಖ" ಎಂದ.

ಇಪ್ಪತ್ತಾರು ಎಣಿಸಿದ ವಾರವೇ ಹೆಂಡತಿ, "ಊರೆಲ್ಲ ನೋಡಿದಾರೆ, ನನಗೂ ಒಂದು ಸಲ ತೋರಿಸಿ" ಎಂದಳು. ಅಂದು ಮಧ್ಯಾಹ್ನ ಹೊಲಿಗೆ ಕೆಲಸ ಬದಿಗಿಟ್ಟು ಅವನ ಜೊತೆ ಬಂದಳು. ಇಳಿಜಾರಿನಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅವನು ಕಾಲಿಟ್ಟ ಕಡೆಯೇ ಕಾಲಿಡುತ್ತಾ ಇಳಿದಳು. ನೇರಳೆ ಹೂವಿನ ಹತ್ತಿರ ಇಬ್ಬರೂ ಕೂತರು. ಸ್ವಲ್ಪ ಹೊತ್ತಿಗೆ ಒಂದು ಬಂತು, ಹೂವಿನ ಮೇಲೆ ಕೂತು ರೆಕ್ಕೆ ಮಡಚಿತು.

"ಇಷ್ಟೇನಾ?" ಎಂದಳು ಅವಳು. "ನಾನು ಅಂಗೈಯಗಲ ಇರುತ್ತೆ ಅಂದ್ಕೊಂಡಿದ್ದೆ. ಇದು ಕೋಟಿನ ಗುಂಡಿಯಷ್ಟೂ ಇಲ್ಲ."

"ಇಷ್ಟೇ."

"ನೀಲಿ ಅಂದ್ರಿ. ಇದು ಬೂದಿ ಬಣ್ಣ."

"ಅದು ಹೊರಗಡೆ. ನೀಲಿ ಒಳಗಡೆ. ಮೇಡಂ ಹೇಳಿಕೊಡೋವರೆಗೆ ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಕಣ್ಣ ಮುಂದೆ ಹಾರಾಡ್ತಿದ್ವು, ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ."

ಅವಳು ಬಗ್ಗಿ ಕಣ್ಣು ಕಿರಿದು ಮಾಡಿದಳು. ಬೂದು ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಪ್ಪು ಚುಕ್ಕೆ, ಪ್ರತಿ ಚುಕ್ಕೆಗೂ ಬಿಳಿ ಉಂಗುರ. ಎಷ್ಟು ಒಂದೇ ಸಮ ಹೊಲಿಗೆ ಎಂದು ಅವಳ ಕಣ್ಣು ಅಲ್ಲೇ ನಿಂತಿತು. ಚಿಟ್ಟೆ ಹೊಟ್ಟೆಯ ತುದಿಯನ್ನು ಬಾಗಿಸಿ ಮೊಗ್ಗಿನ ಸಂದಿಗೆ ಒತ್ತಿತು, ಒಂದಿಷ್ಟು ಸರಿದು ಇನ್ನೊಂದು ಮೊಗ್ಗಿಗೆ ಒತ್ತಿತು.

ಬಿಸಿಲು ಚುರುಗುಟ್ಟುತ್ತಿತ್ತು. ಮಟ್ಟಸಣ್ಣನಿಗೆ ಮಂಡಿ ಹಿಡಿದುಕೊಂಡಿತ್ತು. ನೆಲಕ್ಕೆ ಕೈಯೂರಿ, "ಏಳೇ, ಹೋಗೋಣ" ಎಂದ.

ಹೆಂಡತಿ ಅವನ ಕಡೆ ನೋಡದೆ ಕೈ ಅಡ್ಡ ಹಿಡಿದಳು.

"ತಡೀರಿ, ಅದರ ಕೆಲಸ ಮುಗೀಲಿ."